ಬಣ್ಣವಿಲ್ಲದ ಉಗುರು

ಆ ಬೀದಿಯಲ್ಲಿ ಹಾಲಿನ ಅಂಗಡಿಗಿಂತ ಮೊದಲು ತೆರೆದುಕೊಳ್ಳುತ್ತಿದ್ದದ್ದು ದುರ್ಬೀನಮ್ಮನ ಕಿಟಕಿ. ಕಿಟಕಿಗೆ ಒತ್ತಿಕೊಂಡೇ ಅವಳ ಹೊಲಿಗೆ ಮಷಿನ್. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೆಟ್ಟ ಜಿಪ್ಪು ಬದಲಾಯಿಸುವುದು, ಬೆಳೆಯುವ ಮಕ್ಕಳ ಯೂನಿಫಾರ್ಮಿನ ಮಡಿಕೆ ಬಿಚ್ಚಿ ಕೊಡುವುದು ಅವಳ ಕಸುಬು. ಯಾರು ಬಂದರು, ಯಾರು ಹೋದರು, ಯಾರ ಕೈಚೀಲ ದಪ್ಪಗಿತ್ತು, ಯಾರ ಮುಖ ಸಪ್ಪಗಿತ್ತು ಎಂದು ನೋಡುವುದು ಸಂಬಳವಿಲ್ಲದ ಇನ್ನೊಂದು ಕಸುಬು. ಕೈ ತಾನಾಗಿ ಹೊಲಿಯುತ್ತಿತ್ತು, ಕಣ್ಣು ತಾನಾಗಿ ಹೊರಗೆ ಓಡುತ್ತಿತ್ತು. ದುರ್ಬೀನಮ್ಮ ಎಂಬ ಹೆಸರನ್ನು ಬೀದಿಯವರಲ್ಲಿ ಯಾರು ಇಟ್ಟರೆಂದು ಮಾತ್ರ ಅವಳಿಗೂ ಪತ್ತೆಯಾಗಿರಲಿಲ್ಲ. ಅವಳ ಬಾಳಿನಲ್ಲಿ ಉಳಿದಿದ್ದ ಕೊರಗು ಅದೊಂದೇ.

"ಊರ ಉಸಾಬರಿ ನಿನಗ್ಯಾಕೇ?" ಎನ್ನುತ್ತಿದ್ದ ಗಂಡ. ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿ ಮನೆಯಲ್ಲಿ ಕುಳಿತ ಮನುಷ್ಯ, ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದಕ್ಷರ ಬಿಡದೆ ಓದುತ್ತಿದ್ದ.

"ನೀವು ಓದೋದು ಇನ್ನೇನು ಮತ್ತೆ? ಅದೂ ಊರ ಉಸಾಬರೀನೇ" ಎಂದು ಅವಳು ಬಾಯಿ ಮುಚ್ಚಿಸುತ್ತಿದ್ದಳು.

ಮಹಡಿಯ ಮೇಲೆ ಬಾಡಿಗೆಗೆ ಒಬ್ಬ ವರದಿಗಾರ್ತಿ ಇದ್ದಳು. ದಿನಪತ್ರಿಕೆಯಲ್ಲಿ ಕೆಲಸ, ಒಂದು ಹಳೆಯ ಸ್ಕೂಟರು, ಹೊತ್ತಿಲ್ಲದ ಹೊತ್ತಿನಲ್ಲಿ ಊಟ. ಇಂಥ ಬಾಡಿಗೆದಾರಳು ಸಿಕ್ಕಿದ್ದು ದುರ್ಬೀನಮ್ಮನಿಗೆ ಹಬ್ಬವೇ ಆಗಬೇಕಿತ್ತು. ಆದರೆ ಆ ಹುಡುಗಿ ನಕ್ಕು ಮಾತಾಡುತ್ತಿದ್ದಳೇ ಹೊರತು ಒಂದು ಗುಟ್ಟನ್ನೂ ಬಿಟ್ಟುಕೊಡುತ್ತಿರಲಿಲ್ಲ. "ಈಗ ಏನು ಬರೀತಿದೀಯಮ್ಮಾ?" ಎಂದರೆ, "ಬಂದಾಗ ಓದ್ತೀರಲ್ಲ ಅಮ್ಮ" ಎಂದು ಮೆಟ್ಟಿಲು ಹತ್ತಿಬಿಡುತ್ತಿದ್ದಳು.

ಇತ್ತೀಚೆಗೆ ಮೇಲಿನ ಮನೆಗೆ ಸಂಜೆ ಹೊತ್ತು ಇನ್ನೊಬ್ಬಳು ಬರುತ್ತಿದ್ದಳು. ತೆಳ್ಳಗಿನ ಹುಡುಗಿ, ತಲೆ ಮೇಲಕ್ಕೆತ್ತದೆ ನಡೆಯುವವಳು. ಒಂದು ದಿನ ಮೆಟ್ಟಿಲ ಬಾಗಿಲು ಹಾಕಿತ್ತೆಂದು ದುರ್ಬೀನಮ್ಮನ ಹತ್ತಿರ ನೀರು ಕೇಳಿ ಕುಡಿದಳು. ಲೋಟ ವಾಪಸು ಕೊಡುವಾಗ ಅವಳ ಬೆರಳುಗಳಿಂದ ಗಪ್ಪನೆ ಒಂದು ವಾಸನೆ ಹೊಡೆಯಿತು. ನೇಲ್ ಪಾಲಿಶ್ ತೆಗೆಯುವ ರಿಮೂವರಿನ ವಾಸನೆ. ಬಟ್ಟೆಗೆ ಹತ್ತಿದ ಅಂಟು ಬಿಡಿಸಲು ದುರ್ಬೀನಮ್ಮನ ಮಷಿನಿನ ಡ್ರಾಯರಿನಲ್ಲೂ ಅದರ ಒಂದು ಸೀಸೆ ಇತ್ತು, ಹಾಗಾಗಿ ಮೂಗು ತಪ್ಪು ಹೇಳುವಂತಿರಲಿಲ್ಲ. ಆದರೆ ಹುಡುಗಿಯ ಉಗುರುಗಳಲ್ಲಿ ಬಣ್ಣದ ಸುಳಿವೇ ಇಲ್ಲ, ಎಂದೂ ಇದ್ದಂತೆಯೂ ಕಾಣಲಿಲ್ಲ. ಬೆರಳ ತುದಿಯ ಚರ್ಮ ಒಣಗಿ ಬೆಳ್ಳಗೆ ಸಿಪ್ಪೆ ಏಳುತ್ತಿತ್ತು. ಬಣ್ಣ ಹಚ್ಚದವಳು ದಿನಾ ಏನನ್ನು ಅಳಿಸುತ್ತಾಳೆ? ಈ ಪ್ರಶ್ನೆ ತಲೆಯೊಳಗೆ ಹೊಕ್ಕ ಮೇಲೆ ಅವಳಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಗಂಡನನ್ನು ಕೇಳಿದಳು. ಅವನು ಪೇಪರಿನಿಂದ ಕಣ್ಣು ತೆಗೆಯದೆ, "ಅವಳ ಉಗುರು, ಅವಳಿಷ್ಟ" ಎಂದ.

ಹೀಗಿರುವಾಗಲೇ ಆ ನಯದ ಮನುಷ್ಯ ಬಂದದ್ದು. ನೀಟಾಗಿ ಬಾಚಿದ ತಲೆ, ಮೆತ್ತಗಿನ ದನಿ, ಕೈಯಲ್ಲಿ ಮಡಚಿದ ಒಂದು ಪ್ಯಾಂಟು.

"ಅಮ್ಮಾವ್ರೇ, ಇದು ಸ್ವಲ್ಪ ಉದ್ದ ಆಗಿದೆ. ಅರ್ಧ ಇಂಚು ಕಮ್ಮಿ ಮಾಡ್ಕೊಡ್ತೀರಾ?"

ಅವನನ್ನು ನಿಲ್ಲಿಸಿ, ಪ್ಯಾಂಟನ್ನು ಸೊಂಟಕ್ಕೆ ಹಿಡಿಸಿ ಟೇಪು ಇಟ್ಟು ನೋಡಿದಳು. "ಸರಿಯಾಗೇ ಇದೆಯಲ್ಲ? ಕಮ್ಮಿ ಮಾಡಿದ್ರೆ ಕಾಲು ಕಾಣತ್ತೆ."

"ಇರಲಿ, ನನಗೆ ಹಾಗೇ ಇಷ್ಟ." ಅವನು ಹೋಗುವ ಬದಲು ಸ್ಟೂಲಿನ ಮೇಲೆ ಕುಳಿತ. "ಮೇಲ್ಗಡೆ ಪೇಪರ್‌ನವರು ಇದಾರಂತೆ? ಒಂಟಿ ಹೆಣ್ಮಗಳು, ನಿಮ್ಮಂಥ ಮನೆ ಸಿಕ್ಕಿದ್ದು ಅವಳ ಪುಣ್ಯ. ನಿಮ್ಮ ಕಣ್ಣು ತಪ್ಪಿಸಿ ಈ ಬೀದೀಲಿ ಒಂದು ಬೆಕ್ಕೂ ಓಡಾಡಲ್ವಂತೆ, ಹಾಲಿನಂಗಡಿಯೋರು ಹೇಳ್ತಿದ್ರು. ಎಲ್ಲರಿಗೂ ಬರಲ್ಲ ಬಿಡಿ ಆ ಚುರುಕು."

ನೋಡುವುದಕ್ಕೆ ಬೈಸಿಕೊಂಡೇ ಮುದುಕಿಯಾದವಳನ್ನು ಒಬ್ಬ ಗಂಡಸು ಹೀಗೆ ಹೊಗಳಿದರೆ ಏನಾಗುತ್ತದೆ? ದುರ್ಬೀನಮ್ಮ ಸಲೀಸಾಗಿ ಉಬ್ಬಿಹೋದಳು. ಮೇಲಿನ ಮನೆಗೆ ಬರುವ ಹುಡುಗಿಯ ವಿಷಯ ತಾನಾಗಿ ಬಾಯಿಗೆ ಬಂತು.

"ವಿಚಿತ್ರ ಏನು ಗೊತ್ತಾ? ಕೈಯೆಲ್ಲಾ ರಿಮೂವರ್ ವಾಸನೆ. ಉಗುರಿಗೆ ಮಾತ್ರ ಬಣ್ಣಾನೇ ಇಲ್ಲ! ನಾನೂ ಯೋಚ್ನೆ ಮಾಡಿ ಮಾಡಿ ಸಾಕಾದೆ. ನಿಮಗೇನನ್ಸತ್ತೆ?"

ನಯದ ಮನುಷ್ಯನಿಗೆ ಏನನ್ನಿಸಿತೋ, ಮುಗುಳ್ನಕ್ಕ. "ತೆಳ್ಳಗೆ, ಕುಳ್ಳಗೆ ಇರೋಳಾ?" ಎಂದಷ್ಟೇ ಕೇಳಿ, ಉತ್ತರ ಸಿಕ್ಕ ಮೇಲೆ ಮೇಲೆದ್ದ.

ಆಮೇಲೆ ತೆಳ್ಳಗಿನ ಹುಡುಗಿ ಬರುವುದು ನಿಂತಿತು. ಮೇಲಿನ ಮನೆಯವಳು ಸ್ಕೂಟರನ್ನು ಬೀದಿಯಲ್ಲಿ ಬಿಡುವ ಬದಲು ಗೇಟಿನೊಳಗೆ ತಂದಿಡತೊಡಗಿದಳು. ಅದರ ಸೀಟಿನ ಮೇಲೆ ಬ್ಲೇಡಿನಲ್ಲಿ ಗೀರಿದ ಉದ್ದನೆಯ ಗಾಯ. ಅವಳ ಫೋನು ಬಡಿದುಕೊಳ್ಳುತ್ತಿತ್ತು, ಅವಳು ಎತ್ತಿ, ಒಂದು ಮಾತೂ ಆಡದೆ ಇಡುತ್ತಿದ್ದಳು. "ಏನಾಯ್ತಮ್ಮಾ?" ಎಂದರೆ "ಏನಿಲ್ಲ ಅಮ್ಮ." ದುರ್ಬೀನಮ್ಮನಿಗೆ ಎಲ್ಲವೂ ಕಾಣುತ್ತಿತ್ತು, ಒಂದಕ್ಕೊಂದು ಕೂಡಿಸಲು ಮಾತ್ರ ಆಗುತ್ತಿರಲಿಲ್ಲ.

ಒಂದು ಬೆಳಗ್ಗೆ ಗಂಡ ಪೇಪರನ್ನು ಜೋರಾಗಿ ಓದಿದ. ಊರಿನ ದೊಡ್ಡ ಔಷಧಿ ಗೋಡೌನೊಂದರಿಂದ ಅವಧಿ ಮುಗಿದ ಮಾತ್ರೆಗಳು ಹೊಸ ತಾರೀಖು ಹೊತ್ತು ಅಂಗಡಿಗಳಿಗೆ ಬರುತ್ತಿವೆಯಂತೆ. ಬರೆದವಳು ಮೇಲಿನ ಮನೆಯವಳೇ. ಮುಂದಿನ ಭಾಗದಲ್ಲಿ ಇದು ನಡೆಯುವ ಬಗೆಯನ್ನು ತಿಳಿಸುತ್ತೇವೆ ಎಂದಿತ್ತು.

"ಹಳೇ ತಾರೀಖು ಎಲ್ಲಿಗೆ ಹೋಗತ್ತೆ?" ಎಂದಳು ದುರ್ಬೀನಮ್ಮ.

"ಅಂದ್ರೆ?"

"ಹೊಸದು ಹಾಕ್ಬೇಕಾದ್ರೆ ಹಳೇದು ಹೋಗ್ಬೇಕಲ್ರೀ. ಮಾತ್ರೆ ಪಟ್ಟಿಯ ತಗಡಿನ ಮೇಲಿನ ಅಚ್ಚು, ನೀರಿಗೆ ಹೋಗತ್ತಾ ಅದು?"

ಕೇಳಿದ ಪ್ರಶ್ನೆಗೆ ಉತ್ತರ ಬೇಕೇಬೇಕು ಅವಳಿಗೆ. ಕಪಾಟಿನಿಂದ ತನ್ನದೇ ತಲೆನೋವಿನ ಮಾತ್ರೆಯ ಪಟ್ಟಿ ತಂದಳು. ಒದ್ದೆ ಬಟ್ಟೆಯಲ್ಲಿ ಉಜ್ಜಿದಳು, ಅಕ್ಷರ ಅಲ್ಲಾಡಲಿಲ್ಲ. ಸೋಪು ಹಾಕಿದಳು, ಹೋಗಲಿಲ್ಲ. ಗಂಡನಿಗೂ ಕುತೂಹಲ ಹುಟ್ಟಿ ಕುರ್ಚಿ ಹತ್ತಿರ ಎಳೆದುಕೊಂಡ. ಆಗ ಅವಳ ಕೈ ಡ್ರಾಯರಿನತ್ತ ಹೋಗಿ ಅರ್ಧದಲ್ಲೇ ನಿಂತಿತು. ಹತ್ತಿಗೆ ರಿಮೂವರು ಸುರಿದು ತಾರೀಖಿನ ಮೇಲೆ ಒಮ್ಮೆ ಎಳೆದಳು. ಅಂಕಿಗಳು ಕಲಸಿ ಹತ್ತಿಗೆ ಬಂದವು, ತಗಡು ಫಳಫಳನೆ ಹೊಳೆಯಿತು. ಕೋಣೆಯ ತುಂಬ ಆ ವಾಸನೆ.

"ಭಲೇ!" ಎಂದ ಗಂಡ.

ತೆಳ್ಳಗಿನ ಹುಡುಗಿ ದಿನಾ ಏನನ್ನು ಅಳಿಸುತ್ತಿದ್ದಳೆಂದು ದುರ್ಬೀನಮ್ಮನಿಗೆ ಗೊತ್ತಾಯಿತು. ಅರ್ಧ ಇಂಚು ಕಮ್ಮಿ ಮಾಡಬೇಕಿಲ್ಲದ ಪ್ಯಾಂಟನ್ನು ಹಿಡಿದುಕೊಂಡು ಆ ಮನುಷ್ಯ ಏಕೆ ಬಂದಿದ್ದನೆಂದೂ ಗೊತ್ತಾಯಿತು.

"ರೀ," ಎಂದಳು. "ನಾನೊಂದು ಅನಾಹುತ ಮಾಡಿದೀನಿ."

ಗಂಡ ಎಲ್ಲ ಕೇಳಿ, "ನೀನು ಹೇಳಿದ್ದು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಾಗೋದೂ ಬೇಡ. ಇಷ್ಟಕ್ಕೇ ಬಿಟ್ಟುಬಿಡು" ಎಂದ. ಕೆಟ್ಟ ಬುದ್ಧಿಯಿಂದ ಹೇಳಿದ್ದಲ್ಲ, ಹೆಂಡತಿಗೇನಾದೀತೋ ಎಂಬ ಭಯಕ್ಕೆ ಹೇಳಿದ. ಆದರೆ ಬಿಟ್ಟುಬಿಡುವುದು ಅವಳ ಜಾಯಮಾನವೇ ಅಲ್ಲ. ಹತ್ತಿಯ ಉಂಡೆ ಕೈಯಲ್ಲಿ ಹಿಡಿದೇ ಮೆಟ್ಟಿಲು ಹತ್ತಿದಳು.

ವರದಿಗಾರ್ತಿ ಬಾಗಿಲು ತೆರೆದಳು. ದುರ್ಬೀನಮ್ಮ ನಿಂತಲ್ಲೇ ಒಂದೇ ಉಸಿರಿಗೆ ಎಲ್ಲವನ್ನೂ ಒದರಿದಳು. ಬೈಗುಳಕ್ಕೆ ಕಾದಿದ್ದಳು. ವರದಿಗಾರ್ತಿ ಬೈಯಲಿಲ್ಲ, ಗೋಡೆ ಹಿಡಿದು ನೆಲದ ಮೇಲೆ ಕುಳಿತುಬಿಟ್ಟಳು.

"ಅವಳನ್ನ ಕೆಲಸದಿಂದ ತೆಗೆದ್ರು ಅಮ್ಮ. ನನ್ನ ಫೋನ್ ಎತ್ತುತ್ತಿಲ್ಲ. ಎಲ್ಲಿ ತಪ್ಪಾಯ್ತು, ಹೇಗೆ ಗೊತ್ತಾಯ್ತು ಅಂತ ತಲೆ ಕೆಡಿಸ್ಕೊಂಡಿದ್ದೆ. ನಮ್ಮ ಸಂಪಾದಕರಿಗೂ ನಾನು ಅವಳ ಹೆಸರು ಹೇಳಿರಲಿಲ್ಲ."

"ನೀನೂ ನೋಡ್ತೀಯ, ನಾನೂ ನೋಡ್ತೀನಿ," ಎಂದಳು ದುರ್ಬೀನಮ್ಮ, ಕಣ್ಣೊರೆಸಿಕೊಳ್ಳುತ್ತ. "ನೀನು ನೋಡಿದ್ದು ಬರೀತೀಯ, ನಾನು ನೋಡಿದ್ದು ಹೇಳ್ತೀನಿ. ಎರಡೂ ಒಂದೇ ಅಂದ್ಕೊಂಡಿದ್ದೆ ಕಣಮ್ಮಾ. ಏನು ವ್ಯತ್ಯಾಸ?"

ಸಿಟ್ಟಿನಲ್ಲಿ ಕೇಳಿದ್ದಲ್ಲ, ನಿಜಕ್ಕೂ ತಿಳಿಯಲೆಂದೇ ಕೇಳಿದಳು. ಅದು ಗೊತ್ತಾದ್ದಕ್ಕೇ ಏನೋ, ವರದಿಗಾರ್ತಿ ಯೋಚಿಸಿ ಉತ್ತರಿಸಿದಳು. "ನನಗೂ ಪೂರ್ತಿ ಗೊತ್ತಿಲ್ಲ ಅಮ್ಮ. ಬರೆಯೋಕೆ ಮುಂಚೆ ಒಂದು ಕೇಳ್ಕೋತೀನಿ, ಇದು ಹೊರಗೆ ಬಂದ್ರೆ ಪೆಟ್ಟು ಯಾರಿಗೆ ಬೀಳತ್ತೆ ಅಂತ. ಗೋಡೌನಿನ ಧಣಿಗೋ, ಹತ್ತಿ ಹಿಡಿದು ಉಜ್ಜೋಳಿಗೋ. ಒಮ್ಮೊಮ್ಮೆ ನನ್ನ ಅಂದಾಜೂ ತಪ್ಪಾಗತ್ತೆ."

ಇಬ್ಬರೂ ಅಂದೇ ಆ ತೆಳ್ಳಗಿನ ಹುಡುಗಿಯ ಕೋಣೆಗೆ ಹೋದರು. ಒಂದರ ಮೇಲೊಂದು ಪೆಟ್ಟಿಗೆ ಇಟ್ಟಂತಿದ್ದ ಕಟ್ಟಡ, ಓಣಿಯ ತುಂಬ ಒಣಹಾಕಿದ ಬಟ್ಟೆ. ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ವರದಿಗಾರ್ತಿಯ ಮುಖ ಕಂಡದ್ದೇ ಮತ್ತೆ ಮುಚ್ಚಿಕೊಳ್ಳತೊಡಗಿತು.

"ಹೋಗಿ ಅಕ್ಕ. ಸತ್ರೂ ಹೆಸರು ಹೇಳಲ್ಲ ಅಂದಿದ್ರಿ. ನಿಮ್ಮನ್ನ ನಂಬಿದ್ದೇ ನನ್ನ ತಪ್ಪು. ಮನೆ ಓನರ್ ಹತ್ರಾನೂ ಬಂದು ಹೆದರಿಸಿ ಹೋಗಿದಾರೆ. ಈ ವಾರ ಖಾಲಿ ಮಾಡ್ಬೇಕಂತೆ."

ನಾನಲ್ಲ, ಇವರು ಎಂದು ವರದಿಗಾರ್ತಿ ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಲಿಲ್ಲ. ಪಕ್ಕದಲ್ಲಿ ನಿಂತಿದ್ದ ದುರ್ಬೀನಮ್ಮನಿಗೆ ಅದು ಬೈಗುಳಕ್ಕಿಂತ ಜೋರಾಗಿ ತಾಗಿತು. ಮುಚ್ಚುವ ಬಾಗಿಲಿನ ಸಂದಿಗೆ ಚಪ್ಪಲಿಯ ಕಾಲಿಟ್ಟಳು.

"ಅವಳಲ್ಲ ಮಗಾ, ನಾನು. ನಿನಗೆ ನೀರು ಕೊಟ್ಟೆನಲ್ಲ, ಆ ಮುದುಕಿ. ನಿನ್ನ ಬೆರಳಿನ ವಾಸನೆ ಹಿಡಿದು, ಯಾವನೋ ಬೆಣ್ಣೆ ಹಚ್ಚಿದ ಅಂತ ಅವನ ಮುಂದೆ ಹೊಟ್ಟೇಲಿದ್ದಿದ್ದನ್ನೆಲ್ಲ ಕಕ್ಕಿದೆ. ಬೈಯೋದಿದ್ರೆ ನನ್ನ ಬೈ. ಬೈದು ಮುಗಿಸಿ ಬಟ್ಟೆ ಕಟ್ಟು. ನನ್ನ ಮನೇಲಿ ಹಿಂದಿನ ಕೋಣೆ ಖಾಲಿ ಇದೆ."

ಹುಡುಗಿ ನಿಜವಾಗಿಯೂ ಬೈದಳು. ಬಾಯ್ತುಂಬ, ಅಳುತ್ತ ಬೈದಳು. ದುರ್ಬೀನಮ್ಮ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡಳು. ಆಮೇಲೆ ಮೂವರೂ ಸೇರಿ ಬಟ್ಟೆ ಕಟ್ಟಿದರು.

ಬೀದಿಯವರ ಪಾಲಿಗೆ ಅವಳು ಕಾಜಾ ಗುಂಡಿ ಹೊಲಿಯುವುದನ್ನು ಕಲಿಯಲು ಬಂದ ಹುಡುಗಿಯಾದಳು. ಸುಳ್ಳೇನಲ್ಲ, ಕುಳಿತುಕೊಂಡು ಕಾಜಾ ಕಲಿತಳು. ಮುಂದಿನ ಭಾಗ ಮಾತ್ರ ಪೇಪರಿನಲ್ಲಿ ಬರಲಿಲ್ಲ. "ಬರೆದ್ರೆ ನಾನೇ ಹೇಳಿದ್ದು ಅಂತ ಖಾತ್ರಿ ಆಗತ್ತೆ. ಬೇಡ ಅಕ್ಕ" ಎಂದಿದ್ದಳು ಹುಡುಗಿ. "ನೀನು ಹೂಂ ಅನ್ನೋವರೆಗೂ ಬರೆಯಲ್ಲ" ಎಂದಿದ್ದಳು ವರದಿಗಾರ್ತಿ.

ನಯದ ಮನುಷ್ಯ ತನ್ನ ಪ್ಯಾಂಟು ಒಯ್ಯಲು ಬಂದ. ಅವನು ಗೇಟು ತೆಗೆಯುವುದನ್ನು ಕಿಟಕಿಯಿಂದ ಕಂಡ ದುರ್ಬೀನಮ್ಮ ಹುಡುಗಿಯನ್ನು ಒಳಕೋಣೆಗೆ ಕಳಿಸಿದ್ದಳು. ಮಷಿನಿನ ಹಿಂದೆ ಕೂತು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಳು. ಮಾತಾಡದಿರಲು ಅದೊಂದು ನೆಪ.

"ಅಮ್ಮಾವ್ರೇ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಮೇಲಿನವಳನ್ನ ಖಾಲಿ ಮಾಡ್ಸಿ. ಇವಳು ಎರಡು ಸಾಲು ಗೀಚಿ ಸಂಬಳ ತಗೋತಾಳೆ. ಗೋಡೌನ್ ಮುಚ್ಚಿದ್ರೆ ಇನ್ನೂರು ಜನರ ಮನೇಲಿ ಒಲೆ ಉರಿಯಲ್ಲ. ಅವರ ಗತಿ ಬರೀತಾಳಾ ಇವಳು?"

ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆ ಇನ್ನೂರು ಜನರಲ್ಲಿ ಒಬ್ಬಳು ಗೋಡೆಯಾಚೆ ಉಸಿರು ಬಿಗಿಹಿಡಿದು ಕೂತಿದ್ದಳು. ದುರ್ಬೀನಮ್ಮ ಪಿನ್ನುಗಳನ್ನು ಬಾಯಿಂದ ತೆಗೆದಳು.

"ಒಂದು ವಿಷಯ ಕೇಳ್ಲಾ? ನಿಮ್ಮ ಮನೇಲಿ ಮಕ್ಕಳಿಗೆ ಜ್ವರ ಬಂದ್ರೆ ಮಾತ್ರೆ ನಿಮ್ಮ ಗೋಡೌನಿಂದಾನೇ ಒಯ್ತೀರಾ?"

ಅವನು ಪ್ಯಾಂಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, "ಮೆಟ್ಟಿಲು ಹುಷಾರು ಅಂತ ಹೇಳಿ ಅವಳಿಗೆ" ಎಂದು ಹೊರಟ.

ಮೆಟ್ಟಿಲಲ್ಲಿ ಏನೂ ಆಗಲಿಲ್ಲ. ಆದದ್ದು ಬೀದಿಯ ತಿರುವಿನಲ್ಲಿ, ಬೆಳ್ಳಂಬೆಳಗ್ಗೆ, ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ. ವರದಿಗಾರ್ತಿಯ ಸ್ಕೂಟರಿಗೆ ಹಿಂದಿನಿಂದ ಬಂದ ಬೈಕು ಬೇಕೆಂದೇ ಗುದ್ದಿತು. ಅವಳು ಬಿದ್ದ ಮೇಲೆ ಹೆಲ್ಮೆಟ್ಟಿನ ಇಬ್ಬರು ಇಳಿದು ಅವಳ ಬಲಗೈ ಮೇಲೆ ಕಬ್ಬಿಣದ ರಾಡಿನಿಂದ ಬಾರಿಸಿ, ಬ್ಯಾಗು ಕಿತ್ತುಕೊಂಡು ಹೋದರು. ದುರ್ಬೀನಮ್ಮ ಕಿಟಕಿಯಿಂದ ಕಿರುಚಿದಳು. ಕಿರುಚುತ್ತಲೇ ಅವಳ ಕಣ್ಣು ವಿದ್ಯುತ್ ಕಂಬದ ಹತ್ತಿರ ನಿಂತು ನೋಡುತ್ತಿದ್ದವನ ಕಾಲಿಗೆ ಹೋಯಿತು. ಪ್ಯಾಂಟು ಅರ್ಧ ಇಂಚು ಗಿಡ್ಡವಾಗಿ, ಕಾಲ್ಚೀಲ ಎದ್ದು ಕಾಣುತ್ತಿತ್ತು.

ವರದಿಗಾರ್ತಿಯನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಇನ್ಸ್‌ಪೆಕ್ಟರ್ ಬೀದಿಗೆ ಬಂದು ಮನೆಮನೆ ಕೇಳಿದ. ಹಾಲಿನಂಗಡಿಯವನು ಕ್ಯಾನಿನೊಳಗೆ ತಲೆ ಹಾಕಿದ್ದನಂತೆ. ಎದುರು ಮನೆಯ ಮೇಷ್ಟರ ಕನ್ನಡಕ ಒಳಗಿತ್ತಂತೆ. ಅಷ್ಟು ಜನರ ಕಣ್ಣೆದುರು ನಡೆದದ್ದನ್ನು ಯಾರೂ ನೋಡಿರಲಿಲ್ಲ. ಗಂಡ ದುರ್ಬೀನಮ್ಮನ ಮಣಿಕಟ್ಟು ಹಿಡಿದುಕೊಂಡಿದ್ದ.

"ಬೇಡ ಕಣೇ. ನಾಳೆ ಇಲ್ಲಿಗೇ ಬಂದ್ರೆ?"

"ಬರ್ತಾರೆ ರೀ. ನಾನು ಸುಮ್ನಿದ್ರೂ ಬರ್ತಾರೆ. ಒಂದ್ಸಲ ಬಾಯಿ ಬಿಡಬಾರದ ಕಡೆ ಬಿಟ್ಟಿದ್ದಕ್ಕೆ ಇಷ್ಟೆಲ್ಲಾ ಆಗಿದೆ. ಬಿಡಬೇಕಾದ ಕಡೆ ಮುಚ್ಕೊಂಡ್ರೆ ನನ್ನ ಮುಖ ನಾನೇ ನೋಡ್ಕೊಳ್ಳೋಕಾಗಲ್ಲ."

ಗಂಡನ ಹಿಡಿತ ಸಡಿಲವಾಯಿತು. ತಾನೇ ಎದ್ದು ಹೋಗಿ ಬಾಗಿಲು ತೆರೆದು, "ಸಾರ್, ನಮ್ಮನೆಯೋರು ನೋಡಿದಾರೆ" ಎಂದು ಕರೆದ.

ಇನ್ಸ್‌ಪೆಕ್ಟರ್ ಬರೆದುಕೊಳ್ಳುತ್ತ ಹೋದ, ದುರ್ಬೀನಮ್ಮ ಹೇಳುತ್ತ ಹೋದಳು. ಬೈಕಿನ ಬಣ್ಣ, ಹಿಂದಿನವನ ಕುಂಟು ನಡಿಗೆ, ಯಾವ ಕೈಯಲ್ಲಿ ರಾಡು. ಕಂಬದ ಹತ್ತಿರ ನಿಂತವನ ವಿಷಯಕ್ಕೆ ಬಂದಾಗ ಇನ್ಸ್‌ಪೆಕ್ಟರ್ ಕೇಳಿದ, "ಅಷ್ಟು ದೂರದಿಂದ ಅವನೇ ಅಂತ ಹೇಗೆ ಹೇಳ್ತೀರಿ?"

"ಅವನ ಪ್ಯಾಂಟು ಕತ್ತರಿಸಿದ್ದು ನಾನು. ಸೊಂಟ ಮೂವತ್ತಾರು. ಎಡಗಾಲು ಬಲಗಾಲಿಗಿಂತ ಒಂದು ನೂಲು ಗಿಡ್ಡ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ನನ್ನ ಹೆಸರು, ವಿಳಾಸ ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ನಗು ತಡೆದುಕೊಂಡು ಬರೆದುಕೊಂಡ. ಅವನು ಹೋದ ಮೇಲೆ ನೋಡಿದರೆ ಹುಡುಗಿ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. "ನಿಮಗೆ ಭಯ ಆಗಲಿಲ್ವಾ ಅಮ್ಮ?"

"ಆಯ್ತು. ನೋಡು, ಆಗಿಂದ ಮೂರು ಸಲ ಗುರಿ ತಪ್ಪಿದೆ. ಸೂಜಿಗೆ ದಾರ ನೀನೇ ಪೋಣಿಸು."

ಹುಡುಗಿ ದಾರ ಪೋಣಿಸಿಕೊಟ್ಟಳು. ಕೈಗೆ ಪ್ಲಾಸ್ಟರು ಹಾಕಿಸಿಕೊಂಡ ವರದಿಗಾರ್ತಿ ಮನೆಗೆ ಬಂದ ದಿನ, ಹುಡುಗಿ ಯಾರಿಗೂ ಹೇಳದೆ ಮೆಟ್ಟಿಲು ಹತ್ತಿ ಹೋದಳು. ಮೇಲೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು, ಆಮೇಲೆ ಕುರ್ಚಿ ಎಳೆದ ಸದ್ದು. ಒಬ್ಬಳು ಹೇಳುತ್ತಿದ್ದಾಳೆ, ಇನ್ನೊಬ್ಬಳು ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದಾಳೆ. ದುರ್ಬೀನಮ್ಮನ ಜೀವ ಮೇಲೆ ಕೆಳಗೆ ಆಯಿತು. ಏನು ಹೇಳುತ್ತಿದ್ದಾಳೆ? ಎಷ್ಟು ಮಾತ್ರೆ, ಯಾರ ಅಪ್ಪಣೆ, ಎಷ್ಟು ದಿನದಿಂದ? ಮೆಟ್ಟಿಲ ತನಕ ಹೋದಳು, ಒಂದು ಮೆಟ್ಟಿಲು ಹತ್ತಿಯೂ ಹತ್ತಿದಳು. ಆಮೇಲೆ ಇಳಿದು ಬಂದು ಇಬ್ಬರಿಗೂ ಕಾಫಿ ಮಾಡಿ, ಲೋಟಗಳನ್ನು ಬಾಗಿಲ ಹೊರಗಿಟ್ಟು, ಒಮ್ಮೆ ತಟ್ಟಿ ವಾಪಸಾದಳು.

ಆ ವರದಿ ಪೇಪರಿನ ಮೊದಲ ಪುಟದಲ್ಲೇ ಬಂತು. ಬೀದಿಯ ಜನ ಮನೆಮನೆಯಲ್ಲಿ ಮಾತ್ರೆಯ ಪಟ್ಟಿಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ನಯದ ಮನುಷ್ಯನನ್ನು ಪೊಲೀಸರು ಕರೆದೊಯ್ದಿದ್ದರು. ಅವನ ಧಣಿ ಹೊರಗೇ ಇದ್ದ, ಬಾಯಿಬಿಟ್ಟವರು ಯಾರೆಂದು ಹುಡುಕಿಸುತ್ತಿದ್ದಾನೆ ಎಂಬ ಸುದ್ದಿಯೂ ಇತ್ತು. ದುರ್ಬೀನಮ್ಮ ವರದಿಯನ್ನು ಗಂಡನ ಕೈಯಿಂದ ಕಿತ್ತುಕೊಂಡು ತಾನೇ ಓದಿದಳು. ತನ್ನ ಹಿಂದಿನ ಕೋಣೆಯಲ್ಲಿ ಮಲಗಿ ಏಳುವ ಹುಡುಗಿ ಎಷ್ಟನ್ನು ಹೊಟ್ಟೆಯೊಳಗಿಟ್ಟುಕೊಂಡಿದ್ದಳೆಂದು ಊರಿನ ಜೊತೆಗೇ ಅವಳಿಗೂ ತಿಳಿಯಿತು.

ಎದುರು ಮನೆಯ ಮೇಷ್ಟರು ಪೇಪರು ಹಿಡಿದೇ ಕಿಟಕಿಗೆ ಬಂದರು. ಇವತ್ತು ಕನ್ನಡಕ ಮೂಗಿನ ಮೇಲಿತ್ತು.

"ಏನ್ರೀ ಇದು! ಹೆಸರು ಹೇಳಲು ಬಯಸದ ಕೆಲಸಗಾರ್ತಿ ಅಂತ ಹಾಕಿದಾರಲ್ಲ, ಯಾರ್ರೀ ಅದು? ನಿಮಗೆ ಗೊತ್ತಿಲ್ಲದೆ ಇರತ್ತಾ? ನನ್ನ ಹತ್ರ ಹೇಳಿ, ನಾನು ಯಾರಿಗೂ ಹೇಳಲ್ಲ."

ಪಾಪ, ಮೇಷ್ಟರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ತಿಳಿಯುವ ಚಪಲ ಅಷ್ಟೇ. ಆ ಚಪಲ ದುರ್ಬೀನಮ್ಮನಿಗೆ ತೀರಾ ಪರಿಚಯದ್ದು. ಪಕ್ಕದ ಸ್ಟೂಲಿನಲ್ಲಿ ಕಾಜಾ ಹೊಲಿಯುತ್ತಿದ್ದ ಬೆರಳುಗಳು ನಿಂತವು. ಇಷ್ಟು ದೊಡ್ಡ ಸುದ್ದಿ ಅವಳ ಇಡೀ ಆಯುಸ್ಸಿನಲ್ಲಿ ಕೈಗೆ ಸಿಕ್ಕಿರಲಿಲ್ಲ, ನಾಲಿಗೆಯ ತುದಿ ಸುಡುತ್ತಿತ್ತು.

"ಅದರಲ್ಲಿ ಎಷ್ಟು ಬರೆದಿದೆಯೋ ಅಷ್ಟು ಓದ್ಕೊಳ್ಳಿ ಮೇಷ್ಟ್ರೇ," ಎಂದಳು. "ನಾನೂ ಅಷ್ಟೇ ಓದಿದ್ದು."

ಹುಡುಗಿಯ ಕಡೆ ತಿರುಗಿಯೂ ನೋಡದೆ ಮಷಿನ್ ತುಳಿದಳು.